ವ್ಯಾನ್ ದುಡ್ಡು

2024ರ ನವೆಂಬರ್ 27, ಬುಧವಾರ, ಬೆಳಿಗ್ಗೆ ಹತ್ತೂಕಾಲು ಗಂಟೆ. ಅರಸೀಕೆರೆಯಲ್ಲಿ ಭವಿಷ್ಯನಿಧಿ ಇಲಾಖೆಯವರು ನಡೆಸುತ್ತಿದ್ದ ಶಿಬಿರಕ್ಕೆ ಹಳೇಬೀಡಿನ ಪಕ್ಕದ ಹುಲಿಕೆರೆಯ ಮುನಿಯಮ್ಮ ಒಂದು ತಂತಿ ಹಿಡಿದು ಬಂದಳು. ತಂತಿಗೆ ಚುಚ್ಚಿದ್ದ ಸಂಬಳದ ಚೀಟಿಗಳು ನೂರಾ ಹದಿನೆಂಟು.

“ಏನಮ್ಮ, ಕರೆಂಟ್ ಬಿಲ್ಲಾ? ಆ ಆಫೀಸು ಇಲ್ಲಿಲ್ಲ” ಎಂದ ಬಾಗಿಲಲ್ಲಿದ್ದ ಜವಾನ.

“ಕರೆಂಟ್ ಬಿಲ್ಲಿನ ತಂತಿ ಮನೇಲೈತೆ ಕಣಪ್ಪ. ಇದು ಸಂಬಳದ್ದು.”

ಮುನಿಯಮ್ಮನಿಗೆ ಮುಂದಿನ ಏಪ್ರಿಲ್ 30ಕ್ಕೆ ಐವತ್ತೆಂಟು ತುಂಬುವುದಿತ್ತು. ಬಾಣಾವರದಾಚೆಯ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಒಡೆದ ಕಾಯಿಯ ಕಂದು ಸಿಪ್ಪೆ ಹೆರೆಯುವುದು ಅವಳ ಕೆಲಸ. 2015ರ ಜನವರಿಯಲ್ಲಿ ಆ ಕಾರ್ಖಾನೆ ಎರಡು ಕೆಲಸ ಒಟ್ಟಿಗೆ ಮಾಡಿತ್ತು. ಹಳೇಬೀಡಿನಿಂದ ಹೆಂಗಸರನ್ನು ಕರೆತರಲು ವ್ಯಾನ್ ಬಿಟ್ಟಿತು. ಸಂಬಳದ ಚೀಟಿಯಲ್ಲಿ ಪಿ.ಎಫ್. ಎಂದು ಬರೆದು ಹಣ ಕಡಿಯತೊಡಗಿತು. ಎರಡಕ್ಕೂ ಸಂಬಂಧವಿಲ್ಲವೆಂದು ಯಾರೂ ಹೇಳಲಿಲ್ಲ. ಹೆಂಗಸರು ತಾವೇ ಅರ್ಥ ಮಾಡಿಕೊಂಡರು: ಅದು ವ್ಯಾನ್ ದುಡ್ಡು. 2023ರ ಹೊತ್ತಿಗೆ ಆ ಕಡಿತ 1,440 ರೂಪಾಯಿ ಆಗಿತ್ತು. ದಿನಕ್ಕೆ ಐವತ್ತೈದರಂತೆ ಇಪ್ಪತ್ತಾರು ದಿನಕ್ಕೆ ಹಿಡಿದರೂ ಲೆಕ್ಕ ಹೆಚ್ಚುಕಡಿಮೆ ಸರಿ ಬರುತ್ತಿತ್ತು.

ಆ ವರ್ಷ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಯಿತು. ಆಗಸ್ಟ್ ಕೊನೆಗೆ ಕಾರ್ಖಾನೆ ವ್ಯಾನ್ ನಿಲ್ಲಿಸಿತು. ಮರುದಿನವೇ ಇಪ್ಪತ್ತಮೂರು ಹೆಂಗಸರು ಅರ್ಜಿ ಬರೆಸಿ ಸಹಿ ಹಾಕಿದರು. ವ್ಯಾನ್ ಇಲ್ಲದ ಮೇಲೆ ದುಡ್ಡು ಯಾಕೆ? ಮ್ಯಾನೇಜರ್ ನಟರಾಜ್ ಒಂದು ಮಾತೂ ಎದುರಾಡದೆ ಕಡಿತ ನಿಲ್ಲಿಸಿದ. ಗೆದ್ದೆವೆಂದು ಹೆಂಗಸರು ಮೈಸೂರುಪಾಕು ಹಂಚಿದರು. ಮುನಿಯಮ್ಮನ ಪಕ್ಕದಲ್ಲೇ ಕೂತು ಸಿಪ್ಪೆ ಹೆರೆಯುವ ಮಂಜುಳಾ ಕಂತಿನ ಮೇಲೆ ಮಿಕ್ಸಿ ತಂದಳು.

ನಿಜ ತಿಳಿದದ್ದು ಹದಿನಾಲ್ಕು ತಿಂಗಳ ನಂತರ. ಬೇಲೂರಿನ ಕಾಫಿ ಗೋದಾಮಿನಲ್ಲಿ ದುಡಿದು ನಿವೃತ್ತನಾಗಿದ್ದ ಪಕ್ಕದ ಮನೆಯ ಜವರಯ್ಯ ಒಂದು ಸಂಜೆ ಮಜ್ಜಿಗೆ ಕುಡಿಯುತ್ತ ಗೋಡೆಯ ತಂತಿಯನ್ನು ತಿರುವಿ ನೋಡಿದ.

“ಏನವ್ವ, ಹೋದ ವರ್ಷ ಸೆಪ್ಟೆಂಬರ್‌ನಿಂದ ಪಿ.ಎಫ್. ಕಡ್ದೇ ಇಲ್ವಲ್ಲ?”

“ವ್ಯಾನ್ ನಿಂತೋಯ್ತಲ್ಲಣ್ಣ.”

ಜವರಯ್ಯ ಮಜ್ಜಿಗೆ ಲೋಟ ಕೆಳಗಿಟ್ಟ. “ವ್ಯಾನಿಗೂ ಇದಕ್ಕೂ ಏನ್ ಸಂಬಂಧ? ಇದು ನಿನ್ ದುಡ್ಡು. ನೀನು ನೂರಕ್ಕೆ ಹನ್ನೆರಡು ಹಾಕಿದ್ರೆ ಕಂಪನೀನೂ ಅಷ್ಟೇ ಹಾಕ್‌ಬೇಕು. ಅವರ ಪಾಲಿನಾಗೇ ಪಿಂಚಣಿ ಬರೋದು. ಹತ್ತು ವರ್ಷ ತುಂಬಬೇಕು, ಐವತ್ತೆಂಟರ ಒಳಗೆ. ನಂಗೆ ತಿಂಗಳಿಗೆ ಎರಡು ಸಾವಿರ ಬತ್ತೈತೆ, ಅದು ಎಲ್ಲಿಂದ ಅಂದ್ಕಂಡೆ?”

ಇಬ್ಬರೂ ಕೂತು ಎಣಿಸಿದರು. ಈಗಿನಿಂದ ಮತ್ತೆ ಕಡಿಯಲು ಶುರು ಮಾಡಿದರೂ ಏಪ್ರಿಲ್ ಹೊತ್ತಿಗೆ ಒಂಬತ್ತು ವರ್ಷ ಎರಡು ತಿಂಗಳು. ಹತ್ತಕ್ಕೆ ಹತ್ತು ತಿಂಗಳು ಕಡಿಮೆ. ಪಿಂಚಣಿ ಇಲ್ಲ. ಬಿಟ್ಟುಹೋದ ಹದಿನಾಲ್ಕು ತಿಂಗಳು ಸೇರಿದರೆ ಹತ್ತು ವರ್ಷ ದಾಟುತ್ತಿತ್ತು.

ಕಾರ್ಖಾನೆಯಲ್ಲಿ ಕೇಳಿದಾಗ ನಟರಾಜ್ ನಕ್ಕ. “ಕಟ್ಟೋಣ. ನಿಮ್ಮ ಪಾಲಿನ ಇಪ್ಪತ್ತು ಸಾವಿರದ ನೂರರವತ್ತು ಒಬ್ಬೊಬ್ಬರೂ ವಾಪಸ್ ತನ್ನಿ. ಮಂಜುಳಾ, ನೀನು ಮಿಕ್ಸೀನೇ ತಂದುಬಿಡು.”

ಅಂದಿನಿಂದ ಇಪ್ಪತ್ತೊಂದು ಹೆಂಗಸರು ಮುನಿಯಮ್ಮನ ಜೊತೆ ಮಾತು ಬಿಟ್ಟರು. ಮಂಜುಳಾ ಮಾತ್ರ ಮಾತಾಡುತ್ತಿದ್ದಳು, ಬೈಯಲು. ಶಿಬಿರಕ್ಕೂ ಅವಳು ಹಿಂದೆಯೇ ಬಂದಳು. “ನಿನ್ನ ಪಿಂಚಣಿಗೆ ನಮ್ಮ ಮನೆ ಸಾಮಾನು ಮಾರಬೇಕೇನಕ್ಕ? ನೀನು ಬಾಯಿ ಬಿಟ್ರೆ ನಾನೂ ಬಿಡ್ತೀನಿ.”

ಶಿಬಿರಕ್ಕೆ ಕಾರ್ಖಾನೆಗಳವರನ್ನೂ ಕರೆದಿದ್ದರು; ಒಳಗೆ ನಟರಾಜ್ ಕಡತದೊಂದಿಗೆ ಆಗಲೇ ಕೂತಿದ್ದ. ಅಧಿಕಾರಿ ಉಮಾಶಂಕರ್ ಮುನಿಯಮ್ಮನಿಗೆ ಕುರ್ಚಿ ತೋರಿಸಿದರು. ಅವಳು ತಂತಿಯಿಂದ ಚೀಟಿಗಳನ್ನು ಬಿಡಿಸಿ ಮೇಜಿನ ಮೇಲೆ ವರ್ಷವಾರು ಜೋಡಿಸಿದಳು. ಒಂದು ತಿಂಗಳೂ ತಪ್ಪಿರಲಿಲ್ಲ.

“ಇವರೇ ಬೇಡ ಅಂದದ್ದು ಸಾರ್. ಬರವಣಿಗೇಲಿ ಕೊಟ್ಟಿದ್ದಾರೆ” ಎಂದು ನಟರಾಜ್ ಅರ್ಜಿಯನ್ನು ಮುಂದಿಟ್ಟ.

ಮಂಜುಳಾ ಮುನಿಯಮ್ಮನ ಸೆರಗು ಎಳೆದಳು. “ಓದಬ್ಯಾಡಿ ಅನ್ನಕ್ಕ, ಮಾನ ಹೋಯ್ತದೆ.”

“ಹೋಗಲಿ ಬಿಡೇ. ಓದಿ ಸಾಮಿ, ಗಟ್ಟಿಯಾಗೇ ಓದಿ.”

ಉಮಾಶಂಕರ್ ಓದಿದರು: “ವ್ಯಾನ್ ನಿಂತಿರುವುದರಿಂದ ಪಿ.ಎಫ್. ಹಣ ಕಡಿಯುವುದನ್ನು ನಿಲ್ಲಿಸಬೇಕಾಗಿ ಕೋರುತ್ತೇವೆ.” ಸಾಲಿನಲ್ಲಿ ಕಾದಿದ್ದ ಯಾರೋ ಕಿಸಕ್ಕನೆ ನಕ್ಕರು. ಮಂಜುಳಾ ತಲೆ ತಗ್ಗಿಸಿದಳು. ಮುನಿಯಮ್ಮ ತಗ್ಗಿಸಲಿಲ್ಲ.

ಅಧಿಕಾರಿ ಕನ್ನಡಕ ತೆಗೆದರು. “ನಟರಾಜ್, ವ್ಯಾನಿಗೂ ಪಿ.ಎಫ್.ಗೂ ಏನ್ರೀ ಸಂಬಂಧ?”

“ಏನಿಲ್ಲ ಸಾರ್.”

“ಅದು ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು ಸಾರ್, ಹದಿನೆಂಟು ವರ್ಷದ ಸರ್ವೀಸು ನಂದು.”

“ಇವರಿಗೆ ಹೇಳಿದ್ರಾ?”

ನಟರಾಜ್ ಕಡತದ ಹಾಳೆ ಮಗುಚಿದ.

“ಅವರು ಕೇಳಿದರೂ ನೀವು ನಿಲ್ಲಿಸೋ ಹಾಗಿರಲಿಲ್ಲ. ಈ ಸಂಬಳಕ್ಕೆ ಪಿ.ಎಫ್. ಕಡ್ಡಾಯ, ಬೇಡ ಅನ್ನೋ ಅವಕಾಶ ಇಲ್ಲ. ತಲೆಗೆ 1,440 ಉಳೀತು ಅಂತ ಇವರು ಖುಷಿಪಟ್ರು. ನೀವೂ ತಲೆಗೆ ಅಷ್ಟೇ ಉಳಿಸಿಕೊಂಡು ಸುಮ್ಮನಿದ್ರಿ.”

“ಆಯ್ತು ಸಾರ್, ಕಟ್ತೀವಿ. ಅವರ ಪಾಲು ಅವರಿಂದ ಹಿಡ್ಕೊಂಡು...”

ಮುನಿಯಮ್ಮ ಕುರ್ಚಿಯಿಂದ ಎದ್ದು ನಿಂತಳು. “ಅದನ್ನೇ ಕೇಳಾಕೆ ಬಂದಿದ್ದು ಸಾಮಿ. ಹಿಡಿಯಂಗೈತಾ?”

“ಇಲ್ಲಮ್ಮ. ಆ ತಿಂಗಳ ಸಂಬಳದಲ್ಲಿ ಕಡಿಯದೆ ಬಿಟ್ಟದ್ದನ್ನ ಆಮೇಲೆ ಕಡಿಯೋ ಹಾಗಿಲ್ಲ. ಕೈತಪ್ಪಿನಿಂದ, ಬರೆಯೋ ತಪ್ಪಿನಿಂದ ಬಿಟ್ಟುಹೋಗಿದ್ರೆ ಬೇರೆ ಮಾತು.” ಅವರು ಅರ್ಜಿಯ ಮೇಲೆ ಬೆರಳಿಟ್ಟರು. “ಇದು ಕೈತಪ್ಪಲ್ಲ ಅಂತ ಈ ಕಾಗದವೇ ಹೇಳುತ್ತೆ. ಗೊತ್ತಿದ್ದೇ ನಿಲ್ಲಿಸಿದ್ದು. ಎರಡೂ ಪಾಲು ಕಂಪನಿಯದೇ, ಬಡ್ಡಿ ಸಮೇತ. ದೂರು ಬರೆದುಕೊಡಿ.”

ನಟರಾಜ್ ಅರ್ಜಿಯತ್ತ ಕೈ ಚಾಚಿದ. “ಅದು ಇಲ್ಲಿರಲಿ” ಎಂದು ಉಮಾಶಂಕರ್ ಅದನ್ನು ಮುನಿಯಮ್ಮನ ಚೀಟಿಗಳ ಜೊತೆ ಸೇರಿಸಿದರು.

ಹೊರಗೆ ಬಂದ ಮೇಲೆ ಮಂಜುಳಾ ಮುನಿಯಮ್ಮನ ತೋಳು ಹಿಡಿದಳು. “ಅಂದ್ರೆ ನಮ್ಮ ಇಪ್ಪತ್ಮೂರು ಜನದ್ದೂ ಅವ್ರೇ ಕಟ್ಬೇಕಾ? ಮಿಕ್ಸೀನೂ ಉಳೀತಾ?”

“ಉಳೀತು ಕಣೇ. ನಾಳೆ ಅದ್ರಾಗೇ ಚಟ್ನಿ ಅರೆದು ತಗಂಡ್ ಬಾ. ಹದಿನೈದು ದಿವಸ ಒಬ್ಬಳೇ ಉಂಡಿದೀನಿ.”

ಮಂಜುಳಾ ಬಸ್ ನಿಲ್ದಾಣ ಬರುವವರೆಗೂ ಫೋನ್ ಕೆಳಗಿಡಲಿಲ್ಲ. ಒಬ್ಬೊಬ್ಬರಿಗೂ ಹೇಳಿದಳು, ಹೇಳಿದ್ದನ್ನೇ ಹೇಳಿದಳು, ಪ್ರತಿ ಸಲವೂ ಮುನಿಯಮ್ಮ ಎದ್ದು ನಿಂತ ಕಡೆಗೆ ದನಿ ಏರಿಸಿದಳು. ಮರುದಿನ ಊಟದ ಹೊತ್ತಿಗೆ ಇಪ್ಪತ್ತೆರಡು ಡಬ್ಬಿಗಳೂ ಮುನಿಯಮ್ಮನ ಸುತ್ತ ತೆರೆದವು.

ನವೆಂಬರ್ ಸಂಬಳದಿಂದಲೇ ಕಡಿತ ಮತ್ತೆ ಶುರುವಾಯಿತು. ಫೆಬ್ರವರಿಯಲ್ಲಿ ಕಾರ್ಖಾನೆ ಇಪ್ಪತ್ತಮೂರು ಜನರ ಹದಿನಾಲ್ಕು ತಿಂಗಳ ಎರಡೂ ಪಾಲನ್ನು ಬಡ್ಡಿಯೊಂದಿಗೆ ಕಟ್ಟಿತು. 2025ರ ಜೂನ್ 30ರಂದು ಹಳೇಬೀಡಿನ ಬ್ಯಾಂಕಿನಲ್ಲಿ ಮುನಿಯಮ್ಮನ ಖಾತೆಗೆ ಮೇ ಮತ್ತು ಜೂನ್ ತಿಂಗಳ ಪಿಂಚಣಿ ಒಟ್ಟು 3,428 ರೂಪಾಯಿ ಜಮೆಯಾಯಿತು.