ಗ್ವಾಡಿಯಷ್ಟು ದೊಡ್ಡ ಮಾರಿ

ಸಿನೆಮಾದಾಗ ತನ್ನ ಮಾರಿ ಗ್ವಾಡಿಯಷ್ಟು ದೊಡ್ಡದಾಗಿ ಕಾಣತೈತಿ ಅಂತ ಫಕೀರವ್ವ ಗೋವಾದ ಚಿಂಬಲ್ಲಿನ ಓಣಿಗೆಲ್ಲಾ ಡಂಗುರ ಹೊಡದು ಬಂದಿದ್ಲು. ಯಾಕ ಹೊಡೀಬಾರದು? ಸಿನೆಮಾ ಕಲತ ಧಾರವಾಡದ ಹುಡುಗಿ ಮೈತ್ರೇಯಿ, ಪಣಜಿಯಿಂದ ಕ್ಯಾಮೆರಾ ಹೊತ್ಕೊಂಡು ಈಕಿ ಕೆಲಸ ಮಾಡೋ ಬಿಲ್ಡಿಂಗಿಗೇ ಬಂದಿದ್ಲಲ್ಲ!

ಶೂಟಿಂಗ್ ದಿನ ಫಕೀರವ್ವ ಇಳಕಲ್ ಸೀರಿ ಉಟ್ಟು, ಮಲ್ಲಿಗಿ ಮುಡಕೊಂಡು, ಮಾರಿಗೆ ಪೌಡರ್ ಬಡಕೊಂಡು ಹೋದ್ಲು. ಮೈತ್ರೇಯಿ ತಲಿ ಮ್ಯಾಲ ಕೈ ಹೊತ್ತು ಕುಂತ್ಲು.

"ಫಕೀರವ್ವಾರ, ದಿನಾ ಹೆಂಗ ಬರ್ತೀರಿ ಹಂಗ ಬೇಕ್ರಿ."

ತಗೋ, ಮತ್ತ ಅದ ಹಳೀ ಸೀರಿ, ಅದರ ಮ್ಯಾಲ ಗಂಡ ನಿಂಗಣ್ಣನ ಹರಕು ಅಂಗಿ, ತಲಿ ಮ್ಯಾಲ ಸಿಂಬಿ. ಸಿಮೆಂಟಿನ ಬುಟ್ಟಿ ಹೊತ್ತು ಮೆಟ್ಟಲ ಹತ್ತೂದು, ಖಾಲಿ ಬುಟ್ಟಿ ಹಿಡಕೊಂಡು ಇಳಿಯೂದು. "ಇನ್ನೊಮ್ಮೆ ಹತ್ರಿ" ಅಂತಿದ್ಲು ಹುಡುಗಿ. ಚಲೋ ಬಂದದ್ದೊಂದು ಇಟಗೊಂಡು ಉಳಿದದ್ದು ಒಗೀತಾಳ ಅಂತ ತಿಳಕೊಂಡು ಫಕೀರವ್ವ ಮತ್ತ ಹತ್ತಿದ್ಲು.

ಸಿನೆಮಾ ತೋರಿಸಿದ್ದು ಶನಿವಾರ ಸಂಜೀಕ, ಓಣಿಯ ಹಾಲ್‌ನ್ಯಾಗ, ಬಿಳೀ ಚಾದರಿನ ಮ್ಯಾಲ. ಫಕೀರವ್ವ ಕೆಲಸದಿಂದ ಬಂದಕೂಡ್ಲೇ ಸೀರಿ ಬದಲಿಸಿ, ಒಂದು ಪಾವ್ ಸೈತ ತಿನ್ನದ, ಮುಂದಿನ ಸಾಲಿನ್ಯಾಗ ಗಂಡನ ಬಾಜೂಕ ಕುಂತ್ಲು.

ಚಾದರಿನ ಮ್ಯಾಲ ಮೆಟ್ಟಲ ಬಂತು. ಎರಡು ಕಾಲು ಹತ್ತಿದುವು. ಇಳಿದುವು. ಮತ್ತ ಹತ್ತಿದುವು. ಪುಣ್ಯಾತಗಿತ್ತಿ, ಒಂದನ್ನೂ ಒಗದಿರಲಿಲ್ಲ! ಹಾಡಿಲ್ಲ, ಮಾತಿಲ್ಲ, ಸಲಿಕಿ ಸಪ್ಪಳ ಒಂದ.

"ಏ ಫಕೀರವ್ವ, ನಿನ್ನ ಹಿಮ್ಮಡಿ ನೋಡಾಕ ಕರದೀ ಏನ?" ಹಿಂದ ಕುಂತ ಜಮುನಾಬಾಯಿ ಕೂಗಿದ್ಲು. ಮಂದಿ ನಕ್ಕರು.

"ತಡೀ, ಮಾರಿ ಬರತೈತಿ."

ಕಾಲು ಮತ್ತ ಇಳಿದುವು, ಮತ್ತ ಹತ್ತಿದುವು. ನಗೂದು ತಾನ ನಿಂತಿತು. ಕುಂತಲ್ಲೇ ಫಕೀರವ್ವನ ಮೊಣಕಾಲು ನೋಯಾಕ ಹತ್ತಿದುವು. ಇಷ್ಟು ಹತ್ತೀನೇನು ನಾನು? ಹತ್ತುವಾಗ ತಿರುಗಿ ನೋಡಾಕ ಪುರಸೊತ್ತ ಇರಲಿಲ್ಲ. ತನ್ನ ಮ್ಯಾಲ ತನಗ ಅಯ್ಯೋ ಅನಿಸಿತು. ಮಾರಿ ಈಗ ಬರತೈತಿ, ಈಗ ಬರತೈತಿ ಅಂತ ಕಣ್ಣು ಅಗಲ ಮಾಡಿದ್ಲು. ಕಾಲು ಮತ್ತ ಹತ್ತಿದುವು.

ಚಪ್ಪಾಳಿ ಕೇಳಿ ಎಚ್ಚರಾತು. ಲೈಟ್ ಹಾಕಿದ್ರು. ಜಮುನಾಬಾಯಿ ಸೆರಗಿನಿಂದ ಕಣ್ಣು ಒರಸಿಕೊಳ್ಳಾಕತ್ತಿದ್ಲು.

"ನನ್ನ ಮಾರಿ ಬಂತೇನ್ರಿ?"

"ಬಂತು," ಅಂದ ನಿಂಗಣ್ಣ. "ಕಡೀಕ. ಗ್ವಾಡಿ ತುಂಬ."

ಫಕೀರವ್ವಗ ಅಳೂನೂ ಬಂತು, ಸಿಟ್ಟೂ ಬಂತು. "ಎಬ್ಬಸಾಕ ಏನು ಧಾಡಿ ಆಗಿತ್ತು ನಿಮಗ? ಓಣಿ ಮಂದಿ ಎಲ್ಲಾ ನೋಡಿದ್ರು, ನಾ ಒಬ್ಬಾಕಿ ನೋಡಲಿಲ್ಲ!"

ನಿಂಗಣ್ಣ ಆಕಿ ಜಾರಿದ ಸೆರಗು ಹೆಗಲಿಗೆ ಹಾಕಿದ.

"ಸಿನೆಮಾದಾಗೂ ನೀ ಊಟದ ಹೊತ್ತಿನ್ಯಾಗ ಕಂಬಕ್ಕ ಆತು ನಿದ್ದಿ ಹೋಗಿದ್ದಿ. ಮುರದ ರೊಟ್ಟಿ ಕೈಯಾಗ ಹಂಗ ಇತ್ತು. ಅಲ್ಲಿ ಒಬ್ಬಾಕಿ, ಇಲ್ಲಿ ನನ್ನ ಹೆಗಲ ಮ್ಯಾಲ ಒಬ್ಬಾಕಿ. ಹೆಂಗ ಎಬ್ಬಸ್ಲಿ ಹೇಳು?"