ಬಾಯಿ ಬಿಡದ ಹಾರ್ನ್

ದಿಗಂಬರ ಸಾವಕಾರರ ಫೋನ್ ಬಂದಾಗ ನಾನು ಕೆಲಸ ಮುಗಿಸಿ ಗೋವೆಯ ಕುಂಕಳ್ಳಿಯ ಕಾರ್ಖಾನೆಯ ಗೇಟು ದಾಟಿದ್ದೆ ಅಷ್ಟೆ.

"ಯಮನೂರ, ಎಲ್ಲಿದ್ದೀಯೋ? ಗಾಡಿ ಹಾರ್ನ್ ಬಾಯಿ ಬಿಡವಲ್ದು. ನಾಳೆ ಮುಂಜಾನೆ ಪಾಸಿಂಗ್ ಐತಿ."

ನಮ್ಮ ಕಡೆಯಿಂದಲೇ ಬಂದು ಮಡಗಾಂವ್‌ನಲ್ಲಿ ನೆಲೆಸಿದ ಸಾವಕಾರರದು ಹಳೆಯ ಅಂಬಾಸಡರ್. ಕಳೆದ ತಿಂಗಳು ಅದರ ವೈರಿಂಗ್ ಪೂರ್ತಿ ಬದಲಿಸಿದವನು ನಾನು. ಕಾರ್ಖಾನೆಯಲ್ಲಿ ಮೇಲಿನವರು ತೋರಿಸಿದಲ್ಲಿ ತಂತಿ ಜೋಡಿಸುತ್ತೇನೆ. ಸಂಜೆ ಕ್ಲಾಸಿನಲ್ಲಿ ಗಾಡಿಗಳ ಕೆಲಸ ಕಲಿತ ಮೇಲೆ ಒಬ್ಬನೇ ಹೊಣೆ ಹೊತ್ತು ಮಾಡಿದ ಮೊದಲ ಗಾಡಿ ಅದು. ಹಾರ್ನ್ ಇಲ್ಲದಿದ್ದರೆ ಆರ್‌ಟಿಓ ತಪಾಸಣೆಯಲ್ಲಿ ಪಾಸು ಮಾಡುವುದಿಲ್ಲ. ಪಾಸಾಗದಿದ್ದರೆ ಮಡಗಾಂವ್ ಪೇಟೆಯಲ್ಲಿ ಇನ್ನಾರೂ ನನ್ನ ಕೈಗೆ ಗಾಡಿ ಕೊಡುವುದಿಲ್ಲ.

ಬಸ್ಸಿನಲ್ಲಿ ಕುಳಿತು ಒಂದೊಂದೇ ತಂತಿಯನ್ನು ನೆನಪಿಸಿಕೊಂಡೆ. ಹಾರ್ನಿನದನ್ನು ಬಿಗಿದಿದ್ದೆನೆ? ಬಿಗಿದಿದ್ದೆ. ಮಡಗಾಂವ್ ಬರುವ ಹೊತ್ತಿಗೆ ಬಿಗಿದಿರಲಿಕ್ಕಿಲ್ಲ ಅನ್ನಿಸತೊಡಗಿತು.

ಗಾಡಿ ಮನೆಯ ಮುಂದೆಯೇ ನಿಂತಿತ್ತು. ಸಾವಕಾರರ ತಾಯಿ ಗೋದಾಬಾಯಿ ಕಟ್ಟೆಯ ಮೇಲೆ ಬಟಾಣಿ ಸುಲಿಯುತ್ತ ಕುಳಿತಿದ್ದರು.

"ಬಂದ್ರು ನಮ್ಮ ಇಂಜಿನಿಯರ್ರು," ಎಂದರು ಸಾವಕಾರರು. "ಮೊದಲ ಇಡೀ ಪ್ಯಾಟಿ ಎದ್ದು ಕೂಡೂಹಂಗ ಹೊಡೀತಿತ್ತು. ಈಗ ನೋಡು, ಹೊಸಾ ಮದಲಗಿತ್ತಿ ಹಂಗ ಸುಮ್ಮ ಕುಂತೈತಿ."

"ನೋಡ್ತೀನ್ರಿ ಸಾವಕಾರ್ರ. ನನ್ನ ತಪ್ಪ ಇರಬಹುದ್ರಿ."

"ನೋಡೂ ಮೊದಲ ತಪ್ಪ ಒಪ್ಪಕೊಂಡ್ರ ಹೆಂಗೋ?" ಗೋದಾಬಾಯಿ ನಕ್ಕರು.

ಬಾನೆಟ್ ಎತ್ತಿ, ಬ್ಯಾಟರಿಯಿಂದ ನೇರವಾಗಿ ಎರಡು ತಂತಿ ಎಳೆದು ಹಾರ್ನಿಗೆ ಮುಟ್ಟಿಸಿದೆ. ಭೋಂ ಎಂದಿತು. ಸಾವಕಾರರು ಹಿಂದಕ್ಕೆ ಹಾರಿದರು. ಹಾರ್ನ್ ಸರಿ ಇದೆ ಎಂದರೆ ತಪ್ಪು ತಂತಿಯಲ್ಲಿ, ಎಂದರೆ ನನ್ನಲ್ಲಿ. ಟೆಸ್ಟ್ ಲ್ಯಾಂಪ್ ಹಿಡಿದೆ. ಹಾರ್ನಿನವರೆಗೆ ಕರೆಂಟು ಬರುತ್ತಿತ್ತು. ಇನ್ನುಳಿದದ್ದು ಹಾರ್ನಿನಿಂದ ಸ್ಟೇರಿಂಗಿಗೆ ಹೋಗುವ ತಂತಿ. ಗುಂಡಿ ಒತ್ತಿದಾಗ ಅದು ಗಾಡಿಯ ಮೈಗೆ ಕೂಡಿಕೊಂಡು ಹಾರ್ನ್ ಹೊಡೆಯುತ್ತದೆ. ಅದನ್ನು ಸ್ಟೇರಿಂಗ್ ಬುಡದಲ್ಲಿ ಬಿಚ್ಚಿ ಕಬ್ಬಿಣಕ್ಕೆ ಮುಟ್ಟಿಸಿದೆ. ಭೋಂ. ನಂಬಿಕೆ ಬಾರದೆ ಮತ್ತೆ ಮುಟ್ಟಿಸಿದೆ.

"ಸಾಕೋ ಮಾರಾಯ, ಬಾಜೂಕಿನ ಮನಿಯವ್ರು ಹೊರಗ ಬಂದಾರ!" ಎಂದು ಸಾವಕಾರರು ಕೂಗಿದರು.

ನನ್ನ ತಂತಿಗಳು ಸರಿ ಇದ್ದವು. ತೊಂದರೆ ಗುಂಡಿಯಲ್ಲಿತ್ತು.

ಸ್ಟೇರಿಂಗಿನ ನಡುವಿನ ಆ ಗುಂಡಿಯನ್ನು ತೆಗೆದೆ. ಒಳಗೆ ಸ್ಪ್ರಿಂಗಿನ ಸುತ್ತ, ಹಿತ್ತಾಳೆ ಬಿಲ್ಲೆಯ ಮೇಲೆ, ಕೆಂಪಗೆ ಏನೋ ಗಟ್ಟಿಯಾಗಿ ಕೂತಿತ್ತು. ತುಕ್ಕು ಎಂದುಕೊಂಡು ಉಗುರಿನಿಂದ ಕೆರೆದೆ. ತುಕ್ಕಲ್ಲ, ಎಣ್ಣೆಯಲ್ಲಿ ಕಲಸಿದ ಕುಂಕುಮ. ಅದರಡಿ ಅರಿಶಿನ, ಅದರಡಿ ಇನ್ನೂ ಹಳೆಯ ಕುಂಕುಮ. ವರ್ಷವರ್ಷ ದಸರೆಯ ಖಂಡೇಪೂಜೆಗೆ ಗುಂಡಿಯ ಮೇಲೆ ಬೆರಳೊತ್ತಿ ಹಚ್ಚಿದ್ದೆಲ್ಲ ಅಂಚಿನ ಸಂದಿಯಿಂದ ಇಳಿದಿತ್ತು. ಮೇಲಿನ ಪದರ ಮಾತ್ರ ಇನ್ನೂ ಹಸಿಯಾಗಿತ್ತು.

ಹಚ್ಚಿದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಸುಮ್ಮನೆ ಕೆರೆದು ಮುಚ್ಚಿಬಿಡಬಹುದಿತ್ತು. ಆದರೆ ಮುಂದಿನ ದಸರೆಗೆ ಹಾರ್ನ್ ಮತ್ತೆ ನಿಲ್ಲುತ್ತದೆ, ದೂರು ನನ್ನ ವೈರಿಂಗ್ ಮೇಲೆಯೇ ಬರುತ್ತದೆ. ಹೇಳಿದರೆ ಹಿರಿಯರ ಪೂಜೆಯಲ್ಲಿ ತಪ್ಪು ಹುಡುಕಿದಂತೆ. ಬಿಲ್ಲೆಯನ್ನು ಹಿಡಿದುಕೊಂಡು ಗೋದಾಬಾಯಿಯವರ ಹತ್ತಿರ ಹೋದೆ.

"ಆಯಿ, ಈಚೆಗೆ ಗಾಡಿ ಪೂಜಿ ಮಾಡಿದ್ರೇನ್ರಿ?"

"ಮಾಡೇನಿ. ನೀ ಹೊಸಾ ವೈರ್ ಹಾಕಿದ್ಯಲ್ಲ, ಅದಕ್ಕ. ನಿನ್ನ ಕೆಲಸಕ್ಕ ದೃಷ್ಟಿ ಆಗಬಾರದಂತ ಎಣ್ಣಿ ಹಾಕಿ ಗಟ್ಟಿ ಹಚ್ಚೇನಿ."

ನನಗೆ ಇನ್ನಷ್ಟು ಕಷ್ಟವಾಯಿತು. ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತೋರಿಸಿದೆ. "ಅದು ಒಳಗ ಇಳದು ಕರೆಂಟ್ ದಾಟಗೊಡವಲ್ದ್ರಿ, ಆಯಿ."

"ನೋಡು ಆಯಿ, ನಾ ಸುಮ್ಮಸುಮ್ಮನ ಈ ಹುಡುಗನ್ನ ಹಂಗಿಸಿದೆ," ಎಂದರು ಸಾವಕಾರರು.

ಗೋದಾಬಾಯಿ ಬಿಲ್ಲೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಹಂಗಾರ ಎಲ್ಲಿ ಹಚ್ಚಲಿ? ಬಾನೆಟ್ಟಿಗೆ ಹಚ್ಚಿದ್ರ ಬಣ್ಣ ಹೋಗತೈತಿ ಅಂತಾನ ಇಂವ. ಗಾಜಿಗೆ ಹಚ್ಚಿದ್ರ ರಸ್ತಾ ಕಾಣೂದಿಲ್ಲ ಅಂತಾನ. ನೀ ಕಲತಾಂವ, ನೀ ಹೇಳು."

ಇದನ್ನು ಯಾವ ಕ್ಲಾಸಿನಲ್ಲೂ ಕಲಿಸಿರಲಿಲ್ಲ. "ಮುಂದಿನ ಬಂಪರಿಗೆ ಹಚ್ಚರಿ," ಎಂದೆ.

"ಕಾಲ ತಾಗೂ ಜಾಗಾಕ? ಏನ ಹುಡುಗನೋ ನೀ!"

"ಹಂಗಾರ ಡ್ಯಾಶ್‌ಬೋರ್ಡ್ ಮ್ಯಾಲೆ, ಗಣಪತಿ ಬಾಜೂಕ. ಒಣಾ ಕುಂಕುಮ ಇರಲ್ರಿ, ಎಣ್ಣಿ ಬ್ಯಾಡ."

"ಅಲ್ಲಿ ಏನೂ ಆಗೂದಿಲ್ಲ? ಖರೇ?"

ಉತ್ತರ ಕೊಡುವ ಮೊದಲು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ನೋಡಿ ಬಂದೆ. "ಖರೇರಿ."

ಬಿಲ್ಲೆಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಗುಂಡಿ ಕೂಡಿಸಿದೆ. ಗೋದಾಬಾಯಿ ತಾವೇ ಒಳಗೆ ಕುಳಿತು ಒತ್ತಿದರು. ಬೀದಿಯ ನಾಯಿಗಳೆಲ್ಲ ಎದ್ದವು.

ಮರುದಿನ ಅರ್ಧ ದಿನ ರಜೆ ಹಾಕಿ ನಾನೂ ಸಾವಕಾರರ ಜೊತೆ ತಪಾಸಣೆಗೆ ಹೋದೆ. ಅಧಿಕಾರಿ ಹಾರ್ನ್ ಒತ್ತಿದರು, ಅದು ಹೊಡೆಯಿತು, ಅವರು ದೀಪಗಳ ಕಡೆ ನಡೆದರು. ಅಷ್ಟಕ್ಕೆ ನಾನು ರಾತ್ರಿಯಿಡೀ ನಿದ್ದೆಗೆಟ್ಟಿದ್ದೆ. ಗಾಡಿ ಪಾಸಾಯಿತು.

ಬರುವಾಗ ಸಾವಕಾರರು ಕೇಳಿದರು: "ನಮ್ಮ ಬೀಗರದೊಂದು ಹಳೇ ಫಿಯಾಟ್ ಐತಿ. ವೈರಿಂಗ್ ಮಾಡ್ತೀಯೇನು?"

"ಮೊದಲ ನೋಡಬೇಕ್ರಿ. ಆಗತೈತಿ ಅಂತ ಈಗ ಹೇಳಾಕ ಬರೂದಿಲ್ಲ."

"ಹೇಳಬ್ಯಾಡ. ಐತವಾರ ಬಾ."