ಹಿಂದೆ ಬಿಟ್ಟ ಜಾಗ

ಅಂಟಣ್ಣನ ಅಂಗಡಿಯಲ್ಲಿ ಸರ್ಫ್ ಬೋರ್ಡು ಕೊಳ್ಳುವುದೆಂದರೆ ಸುಮ್ಮನೆ ಬೆರಳು ತೋರಿಸಿ ಹೊತ್ತುಕೊಂಡು ಹೋಗುವ ಮಾತಲ್ಲ. ಮೊದಲು ನೆಲಕ್ಕೆ ಚಾಪೆ ಹಾಸುತ್ತಾನೆ, ಅದರ ಮೇಲೆ ಬೋರ್ಡು ಇಡುತ್ತಾನೆ. ಗಿರಾಕಿ ಅದರ ಮೇಲೆ ಬೋರಲು ಮಲಗಿ, ಕಣ್ಣು ಮುಚ್ಚಿ, ಗಾಳಿಯಲ್ಲೇ ಈಜಬೇಕು. ದೊಡ್ಡ ದೊಡ್ಡ ಆಫೀಸಿನ ಮೀಸೆಯವರೂ ಆ ಚಾಪೆಯ ಮೇಲೆ ಕಪ್ಪೆಯ ಹಾಗೆ ಕೈಕಾಲು ಬಡಿದವರೇ. ಮುರಿದ ಬೋರ್ಡುಗಳಿಗೆ ಅಂಟು ಹಾಕೀ ಹಾಕೀ ಅವನ ಬೆರಳುಗಳು ಸದಾ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ.

ಆ ಶನಿವಾರ ಚಾಪೆಯ ಮುಂದೆ ನಿಂತಿದ್ದವಳು ಹಲ್ಲಿನ ಸೆಟ್ಟು ಮಾಡುವ ತಂಗಿ. ಊರಿನ ಅರ್ಧ ಮುದುಕರು ನಗುವುದು ಅವಳು ಮಾಡಿಕೊಟ್ಟ ಹಲ್ಲಿನಲ್ಲೇ. ಅಕ್ಕನಿದ್ದಾಗ ಎಲ್ಲರೂ ಅವಳನ್ನು ತಂಗಿ ಎಂದೇ ಕರೆಯುತ್ತಿದ್ದರು. ಅಕ್ಕ ಹೋದ ಮೇಲೂ ಆ ಹೆಸರು ಹಾಗೇ ಉಳಿದುಬಿಟ್ಟಿತು.

"ಕೊನೆಗೂ ಗಟ್ಟಿ ಬೋರ್ಡಿಗೆ ಬರೋ ಮನಸ್ಸು ಮಾಡಿದ್ಯಲ್ಲಮ್ಮಾ," ಅಂದ ಅಂಟಣ್ಣ. "ಆ ಫೋಮಿನ ಹಾಸಿಗೆ ಮೇಲೆ ಇನ್ನೆಷ್ಟು ದಿನ ಅಂತ ಮಲಗ್ತೀಯ?"

"ನಾನೆಲ್ಲಿ ಮನಸ್ಸು ಮಾಡಿದೆ ಅಣ್ಣಾ? ಅಕ್ಕನ ಮಗಳು ಪಟ್ಟು ಹಿಡಿದು ಕೂತಿದ್ದಾಳೆ. ಅಮ್ಮನ ಬೋರ್ಡು ಅವಳಿಗೇ ಬೇಕಂತೆ."

ಕಲಿಯುವವರು ಬಳಸುವ ಆ ಮೆತ್ತನೆಯ ನೀಲಿ ಫೋಮ್ ಬೋರ್ಡು ಅಕ್ಕನದೇ. ತಂಗಿಗೆ ಸರ್ಫಿಂಗ್ ಕಲಿಸಿದವಳೂ ಅವಳೇ. ಸೊಂಟದುದ್ದ ನೀರಿನಲ್ಲಿ ಹಿಂದೆ ನಿಂತು, ಅಲೆ ಬಂದ ಕೂಡಲೇ ಬೋರ್ಡಿನ ಬಾಲಕ್ಕೆ ಎರಡೂ ಕೈ ಕೊಟ್ಟು ತಳ್ಳಿ, "ಏಳೇ ಸೋಂಬೇರಿ!" ಎಂದು ಕೂಗುತ್ತಿದ್ದಳು. ಆಮೇಲೆ ಕಾಯಿಲೆ ಬಿದ್ದಳು. ಸಮುದ್ರ ಅವಳನ್ನೇನೂ ಮಾಡಲಿಲ್ಲ, ಪಾಪ. ಆಸ್ಪತ್ರೆಯ ಮಂಚದ ಮೇಲೆಯೇ ಕಣ್ಣು ಮುಚ್ಚಿದಳು. ಅದಾದ ಕೆಲವು ವಾರಕ್ಕೆ ತಂಗಿ ಒಬ್ಬಳೇ ನೀರಿಗಿಳಿದಳು. ಅಲೆ ಬಂತು. ಹಿಂದಿನಿಂದ ಎರಡು ಕೈ ತಳ್ಳಿದವು.

ತಿರುಗಿ ನೋಡಿದರೆ ಯಾರೂ ಇಲ್ಲ. ಮುಂದಿನ ವಾರವೂ ಹಾಗೇ ಆಯಿತು. ಆಮೇಲಾಮೇಲೆ ಅವಳು ತಿರುಗಿ ನೋಡುವುದನ್ನೇ ಬಿಟ್ಟಳು. ನೋಡಿದರೆ ಎಲ್ಲಿ ನಿಂತುಹೋಗುತ್ತದೋ ಎಂಬ ಭಯ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೇಳಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು, ಅಷ್ಟೇ ತಾನೆ. ವಾರವೆಲ್ಲ ತಲೆ ಬಗ್ಗಿಸಿ ಯಾರದೋ ಹಲ್ಲು ಉಜ್ಜಿ ನಯ ಮಾಡುವುದು, ಭಾನುವಾರ ಆ ಎರಡು ಕೈಗಳಿಗಾಗಿ ಓಡುವುದು, ಇದೇ ಅವಳ ಬದುಕಾಗಿತ್ತು.

ಈಗ ಆ ಬೋರ್ಡನ್ನೇ ಕೊಟ್ಟುಬಿಟ್ಟರೆ? ಗಟ್ಟಿ ಬೋರ್ಡಿನವರು ಅಲೆ ಒಡೆಯುವ ಮೊದಲೇ, ಆಳದಲ್ಲಿ, ತಾವೇ ಕೈ ಬೀಸಿ ಹಿಡಿಯಬೇಕು. ಕಾಲಿಗೆ ನೆಲ ಸಿಗದ ಕಡೆ ನಿಂತು ತಳ್ಳುವವರು ಯಾರು? ಅಕ್ಕನಿಗೆ ಈಜು ಬೇರೆ ಅಷ್ಟಕ್ಕಷ್ಟೇ.

ಗೋಡೆಗೆ ಒರಗಿಸಿದ್ದ ಚೂಪು ಮೂತಿಯ ಗಿಡ್ಡ ಬೋರ್ಡನ್ನು ಅವಳು ಮುಟ್ಟಿ ನೋಡಿದಳು.

"ಅದರ ತಂಟೆಗೆ ಹೋಗ್ಬೇಡ," ಅಂಟಣ್ಣ ಗದರಿದ. "ಫೋಮ್ ಬಿಟ್ಟವರೆಲ್ಲ ಮೊದಲು ಅದಕ್ಕೇ ಕೈ ಹಾಕ್ತಾರೆ. ಹೊಟ್ಟೆ ತುಂಬ ಉಪ್ಪುನೀರು ಕುಡಿದು ವಾಪಸ್ ನನಗೇ ಮಾರೋಕೆ ಬರ್ತಾರೆ. ಉದ್ದ ಸ್ವಲ್ಪ ಕಮ್ಮಿಯಾದ್ರೆ ಆಗ್ಲಿ, ದಪ್ಪ ಕಮ್ಮಿಯಾಗೋದು ಬೇಡ. ನಿನ್ನನ್ನ ಹೊರಬೇಕಲ್ಲಮ್ಮಾ ಅದು." ಮೂಲೆಯಿಂದ ಏಳೂವರೆ ಅಡಿಯ, ದುಂಡು ಮೂತಿಯ, ಪಕ್ಕದಲ್ಲಿ ತೇಪೆ ಹಾಕಿದ್ದ ಹಳೇ ಫೈಬರ್ ಬೋರ್ಡು ತಂದಿಟ್ಟ. "ಮಲಗು."

ಮಲಗಿದಳು. ಕಣ್ಣು ಮುಚ್ಚಿ ಕೈ ಬೀಸಿದಳು.

"ಹಿಂದಕ್ಕೆ ಬಾ."

ಒಂದಿಷ್ಟು ಜರುಗಿದಳು.

"ಇನ್ನೂ! ಅಯ್ಯೋ ಇದೇನಮ್ಮಾ, ಮೂತಿ ಮೇಲೇ ಗದ್ದ ಊರಿದ್ದೀಯ! ಹೀಗೆ ಮಲಗಿದ್ರೆ ಬೋರ್ಡು ಮೂತಿ ಮುಳುಗಿಸಿ ಲಾಗ ಹಾಕತ್ತೆ. ಹಿಂದೆ ಅಷ್ಟೊಂದು ಜಾಗ ಯಾರಿಗೆ ಅಂತ ಬಿಟ್ಟಿದ್ದೀಯ?"

ತಂಗಿಯ ಕೈ ಗಾಳಿಯಲ್ಲೇ ನಿಂತಿತು. ಯಾರಿಗೆ ಅಂತ ಅವಳಿಗೆ ಗೊತ್ತಿತ್ತು. ತುಟಿ ಕಚ್ಚಿಕೊಂಡು ಹಿಂದಕ್ಕೆ ಜರುಗಿದಳು, ಅಂಟಣ್ಣ ಸಾಕು ಅನ್ನುವ ತನಕ. ಅವಳ ಪಾದಗಳು ಅಕ್ಕನ ಕೈ ಇರಬೇಕಾಗಿದ್ದ ಜಾಗಕ್ಕೆ ಬಂದು ಕೂತವು. ಆ ಕೈಗಳನ್ನು ತುಳಿದ ಹಾಗಾಯಿತು ಅವಳಿಗೆ.

"ಇದೇ ನಿನ್ನ ಬೋರ್ಡು," ಅಂದ ಅಂಟಣ್ಣ. ಕಾಲು ಜಾರದಿರಲೆಂದು ಮೇಲೆಲ್ಲ ಮೇಣ ಉಜ್ಜಿ ಕೊಟ್ಟ.

ಮರುದಿನ ಅಕ್ಕನ ಮಗಳಾದ ಚಿನಕುರುಳಿಯನ್ನೂ ನೀಲಿ ಬೋರ್ಡನ್ನೂ ಮರಳಿನ ಮೇಲೆ ಕೂರಿಸಿ, "ನಾನು ಬರೋವರೆಗೂ ನೀರಿಗೆ ಇಳಿದೀಯ, ಹುಷಾರ್!" ಎಂದು ಹೇಳಿ ತಂಗಿ ಆಳಕ್ಕೆ ಹೋದಳು. ಮೊದಲನೆಯ ಅಲೆ ಬಂದಾಗ ಅಭ್ಯಾಸಬಲದಿಂದ ಕಾದಳು. ಯಾವ ಕೈಯೂ ಬರಲಿಲ್ಲ. ಅಲೆ ಅವಳ ಕೆಳಗಿನಿಂದ ನುಸುಳಿ ಹೋಯಿತು. ಎರಡನೆಯದೂ ಹೋಯಿತು. "ಅಕ್ಕಾ," ಎಂದಳು ಮೆಲ್ಲಗೆ. ನೀರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಹೋಗು ಹಾಗಾದ್ರೆ! ಹೋಗೇ!" ಎಂದು ಕಿರುಚಿ, ರೆಟ್ಟೆ ಬಿದ್ದುಹೋಗುವ ಹಾಗೆ ಕೈ ಬೀಸಿದಳು. ಬೋರ್ಡು ತಾನಾಗಿ ಜಾರಿತು. ಎದ್ದು ನಿಂತಳು. ಇಷ್ಟು ಉದ್ದದ ಅಲೆಯನ್ನು ಅವಳು ಜನ್ಮದಲ್ಲೇ ಹಿಡಿದಿರಲಿಲ್ಲ. ದಾರಿಯುದ್ದಕ್ಕೂ ಬಿಕ್ಕಿ ಬಿಕ್ಕಿ ಅತ್ತಳು.

ದಡದ ಹತ್ತಿರ ಬಂದು ಇಳಿದು ನೋಡಿದರೆ, ಮಾತು ಕೇಳಿದರೆ ಅವಳೆಂಥ ಚಿನಕುರುಳಿ! ಆಗಲೇ ನೀರಿನಲ್ಲಿ ನೀಲಿ ಬೋರ್ಡಿನ ಮೇಲೆ ದಡದ ಕಡೆ ಮುಖ ಮಾಡಿ ಮಲಗಿದ್ದಳು. "ಚಿಕ್ಕಮ್ಮಾ, ತಳ್ಳು!" ಎಂದು ಕೂಗಿದಳು. ತಂಗಿ ಇನ್ನೂ ದೂರದಲ್ಲಿದ್ದಳು, ಎರಡು ಕೈಯಲ್ಲೂ ತನ್ನ ಬೋರ್ಡು. ತಾಳು ಎಂದು ಕೂಗುವಷ್ಟರಲ್ಲಿ ಅಲೆ ಬಂತು. ನೀಲಿ ಬೋರ್ಡು ಯಾರೋ ನೂಕಿದ ಹಾಗೆ ಮುಂದಕ್ಕೆ ಹಾರಿತು. ಹುಡುಗಿ ಎದ್ದು ನಿಂತು ಮರಳಿನವರೆಗೂ ಹೋದಳು.

ಬೋರ್ಡು ಎಳೆದುಕೊಂಡು ದುಸುಮುಸು ಎನ್ನುತ್ತ ವಾಪಸ್ಸು ಬಂದಳು. "ಯಾಕೆ ಚಿಕ್ಕಮ್ಮಾ ಅಷ್ಟು ಜೋರಾಗಿ ತಳ್ಳಿದೆ? ಸೋಂಬೇರಿ ಅಂತ ಬೇರೆ ಬೈದೆ!"

ತಂಗಿಯ ಮೈಯೆಲ್ಲ ಜುಮ್ಮೆಂದಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಬೇಕು. ಎಷ್ಟೋ ದಿನಗಳ ಮೇಲೆ ತಿರುಗಿ ನೋಡಿದಳು. ಬರೀ ನೀರು. ತನ್ನ ಬೋರ್ಡನ್ನು ದಡಕ್ಕೆ ಹಾಕಿ ಬಂದು ಹುಡುಗಿಯನ್ನು ಎತ್ತಿ ನೀಲಿ ಬೋರ್ಡಿನ ಮೇಲೆ ಮಲಗಿಸಿದಳು.

"ಇನ್ನೂ ಸ್ವಲ್ಪ ಮುಂದಕ್ಕೆ ಜರುಗು ಚಿನ್ನಾ," ಅಂದಳು. "ಹಿಂದೆ ಕೈ ಇಡೋಕೆ ಜಾಗ ಬಿಡಬೇಕು."